ತುಟಿಗೆ ಒಪ್ಪದ ದನಿ

"ಇನ್ನೊಂದು ಸಲ ಹಾಕ್ಸಿ," ಎಂದಳು ಪತ್ತೇದಾರಿಣಿ.

ನಿರ್ದೇಶಕನ ಮಗ ಕುರ್ಚಿಯಲ್ಲಿ ಹೊರಳಿದ. "ಮತ್ತೇನಾ? ಮೇಡಂ, ಇದು ಕೊನೇ ರೀಲು. ಇದರಲ್ಲಿ ಏನಿದೆ ಅಂತ ಊರಿಗೇ ಗೊತ್ತು."

"ಊರಿಗೆ ಗೊತ್ತಿರೋದು ನನಗೂ ಗೊತ್ತಾಗಲಿ. ಹಾಕ್ಸಿ."

ಅವನು ಹಿಂದಕ್ಕೆ ತಿರುಗಿ ಕೈ ಬೀಸಿದ. ಮೇಲಿನ ಕಿಂಡಿಯ ಗಾಜಿನಾಚೆ ಸಿನಿಮಾ ಓಡಿಸುವ ಆಪರೇಟರ್ ತಲೆ ಆಡಿಸಿದ. ದೀಪ ಆರಿತು.

ಬಿಡುಗಡೆಗೆ ಮುಂಚೆ ಸಿನಿಮಾ ಹಾಕಿ ನೋಡುವ ಸಣ್ಣ ಪ್ರಿವ್ಯೂ ಹಾಲು ಅದು. ಮೊದಲ ಸಾಲಿನ ಮುಂದೆ ನೆಲಹಾಸಿನ ಒಂದು ತುಂಡನ್ನು ಕತ್ತರಿಸಿ ತೆಗೆದಿದ್ದರು. ಹೋದ ವಾರ ನಿರ್ದೇಶಕ ಹೆಣವಾಗಿ ಬಿದ್ದಿದ್ದು ಅಲ್ಲೇ. ರೀಲು ಇಡುವ ತಗಡಿನ ಡಬ್ಬಿಯ ಅಂಚಿನಿಂದ ಯಾರೋ ತಲೆಗೆ ಹೊಡೆದಿದ್ದರು. ಪೊಲೀಸರ ಬೆರಳು ಮೊದಲ ದಿನದಿಂದ ಒಬ್ಬಳ ಕಡೆಗೇ ಇತ್ತು. ಇದೇ ಸಿನಿಮಾದಲ್ಲಿ ಕೊಲೆಗಾರ್ತಿಯ ಪಾತ್ರ ಮಾಡಿದ್ದ ನಟಿ. ಪತ್ತೇದಾರಿಣಿಯನ್ನು ಗೊತ್ತುಮಾಡಿದವಳೂ ಅವಳೇ.

ಡಬ್ಬಿಯೂ ಅದರೊಳಗಿನ ರೀಲೂ ಪೊಲೀಸರ ವಶದಲ್ಲಿದ್ದವು. ಪರದೆಯ ಮೇಲೆ ಓಡುತ್ತಿದ್ದುದು ಮರುಬಿಡುಗಡೆಗೆಂದು ತೊಳೆದು ತಿದ್ದಿದ ಹೊಸ ಪ್ರತಿ.

ಹೆಣ್ಣುಮಕ್ಕಳ ಹಾಸ್ಟೆಲ್ಲು. ಹುಡುಗಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಹೀರೋ ಹಸಿರು ಉಡುಪಿನ ನರ್ಸನ್ನು ಬಚ್ಚಲುಮನೆಯ ಮೂಲೆಗೆ ಒತ್ತುತ್ತಾನೆ. ಕೂದಲಿಗೆ ಕೈ ಹಾಕಿ ಎಳೆಯುತ್ತಾನೆ. ವಿಗ್ಗು ಕೈಗೆ ಬರುತ್ತದೆ. ಉಡುಪನ್ನು ಕೊರಳಿನಿಂದ ಸೊಂಟದವರೆಗೆ ಹರಿಯುತ್ತಾನೆ. ಕ್ಯಾಮೆರಾ ಅವಳ ಮೈಗೆ ನುಗ್ಗಿ, ಅಲ್ಲೇ ನಿಂತುಬಿಡುತ್ತದೆ. ಹೀರೋ ಬಾಯಿಗೆ ಕೈ ಅಡ್ಡ ಹಿಡಿದು ಓಡಿ ಹೋಗಿ ವಾಂತಿ ಮಾಡಿಕೊಳ್ಳುತ್ತಾನೆ.

ನರ್ಸು ಕ್ಯಾಮೆರಾ ಕಡೆ ತಿರುಗುತ್ತಾಳೆ. ಅಲ್ಲಿಯವರೆಗೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದವಳ ಬಾಯಿಂದ ಗಂಡಸಿನ ಒಡಕು ದನಿ ಹೊರಡುತ್ತದೆ.

"ಹೌದು. ನಾನೇ ಕೊಂದೆ. ಎಲ್ಲರನ್ನೂ ನಾನೇ... ಕೊಂದೆ."

"ಇಲ್ಲಿ ಥಿಯೇಟರ್ ಕಿತ್ತುಹೋಗೋ ಹಾಗೆ ಶಿಳ್ಳೆ ಬೀಳ್ತಿತ್ತು," ಎಂದ ಮಗ. ಅವನ ದನಿಯಲ್ಲಿ ಹೆಮ್ಮೆ ಇತ್ತು.

"ಯಾವುದಕ್ಕೆ?"

"ಅಂದ್ರೆ?"

"ಕೊಲೆಗಾರ ಸಿಕ್ಕಿದ್ದಕ್ಕಾ? ಬಟ್ಟೆ ಹರಿದಿದ್ದಕ್ಕಾ?"

ಅವನು ಕುರ್ಚಿಯಲ್ಲಿ ಮತ್ತೆ ಹೊರಳಿದ. "ಆ ಕಾಲದಲ್ಲಿ ಅದೇ ನಡೀತಿತ್ತು ಮೇಡಂ. ಇದು ಓಡಿದ್ಮೇಲೆ ಇಂಥವು ಸಾಲುಸಾಲಾಗಿ ಬಂದವು. ಒಂದರಲ್ಲಿ ಹುಚ್ಚಿ, ಇನ್ನೊಂದರಲ್ಲಿ ಮಕ್ಕಳನ್ನ ಕದಿಯೋಳು. ಕೊಲೆ ಬೇಡ ಅಂದ್ರೆ ನಗಿಸೋಕೆ ಅಂಥೋಳನ್ನ ಹಾಕೋರು. ಕೊನೇಲಿ ಬಟ್ಟೆ ಹರಿದು ಒಳಗಿರೋದು ಗಂಡು ಅಂತ ತೋರಿಸಿದ್ರೆ ಆಯ್ತು, ಜನ ದಂಗಾಗೋರು. ಅಪ್ಪ ಮಾಡಿದ್ದು ಮೊದಲು, ಅಷ್ಟೆ."

"ಈಗಲೂ ಅದೇ ಇರುತ್ತಾ? ಏನೂ ಕತ್ತರಿಸಲ್ವಾ?"

"ಕತ್ತರಿಸೋದಾ? ಇರೋದೇ ಇದೊಂದು ಸೀನು!"

ತುಂಬಾ ಬೇಗ ಬಂದ ಉತ್ತರ. ಪತ್ತೇದಾರಿಣಿ ಅವನ ಮುಖ ನೋಡಿದಳು. ಕತ್ತಲಲ್ಲಿ ಏನೂ ಕಾಣಲಿಲ್ಲ. ಹೊರಗಿನ ಗೋಡೆಗೆ ಅಂಟಿಸಿದ್ದ ಹೊಸ ಪೋಸ್ಟರು ಮಾತ್ರ ನೆನಪಾಯಿತು. ಹಸಿರು ಉಡುಪು, ಅರ್ಧ ಮುಖ, ಕೆಳಗೆ ದಪ್ಪ ಅಕ್ಷರ: 'ಅವಳು ಮತ್ತೆ ಬಂದಿದ್ದಾಳೆ.' ಮಗ ಅದನ್ನು ಅಚ್ಚುಹಾಕಿಸಿದ್ದು ಅಪ್ಪನನ್ನು ಮಣ್ಣು ಮಾಡಿದ ಮೇಲೆ.

"ಕೊನೇ ಮಾತನ್ನ ಮಾತ್ರ ತೋರಿಸಿ. ಸದ್ದು ತೆಗೆದು."

"ಸದ್ದು ತೆಗೆದು ಏನು ನೋಡ್ತೀರಿ?"

"ಬಾಯಿ."

ಮೂಕವಾದ ಪರದೆಯ ಮೇಲೆ ಆ ಮುಖ ದೊಡ್ಡದಾಗಿ ಬಂತು. ಕಣ್ಣಲ್ಲಿ ನೀರಿತ್ತು. ಸದ್ದಿದ್ದಾಗ ಅದು ಹುಚ್ಚಿನ ಹೊಳಪಿನಂತೆ ಕಂಡಿತ್ತು.

ಪತ್ತೇದಾರಿಣಿ ಕತ್ತಲಲ್ಲಿ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಹೇಳಿಕೊಂಡಳು: ಹೌದು, ನಾನೇ ಕೊಂದೆ. ಬೆರಳಿನಡಿ ತುಟಿಗಳು ಒಮ್ಮೆಯೂ ಮುಚ್ಚಲಿಲ್ಲ. ಮುಚ್ಚಬೇಕಾದ ಅಕ್ಷರವೇ ಆ ಮಾತಿನಲ್ಲಿ ಇಲ್ಲ. ಪ ಇಲ್ಲ, ಬ ಇಲ್ಲ, ಮ ಇಲ್ಲ.

ಪರದೆಯ ಮೇಲಿನ ತುಟಿಗಳು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಿದ್ದವು.

ಬೇಡ. ಬೇಡ. ಬಿಡಿ.

*

ಆಪರೇಟರ್ ಕೋಣೆಗೆ ಹೋಗಲು ಕಬ್ಬಿಣದ ಏಣಿಮೆಟ್ಟಿಲು. ಒಳಗೆ ಯಂತ್ರದ ಬಿಸಿ ಇನ್ನೂ ಆರಿರಲಿಲ್ಲ. ಆಪರೇಟರ್ ಸ್ಟೂಲನ್ನು ಅವಳ ಕಡೆ ತಳ್ಳಿ ತಾನು ನಿಂತೇ ಇದ್ದ.

"ಪೊಲೀಸರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಬೇರೆ ಏನೂ ಇಲ್ಲ ನನ್ನ ಹತ್ರ."

"ಅದನ್ನೇ ಹೇಳಿ."

"ಮಧ್ಯಾಹ್ನ ಊಟಕ್ಕೆ ಮುಂಚೆ. ನಾನು ಇಲ್ಲಿ ಯಂತ್ರ ಒರೆಸ್ತಿದ್ದೆ. ಕೆಳಗೆ ಜಗಳ. ಒಂದು ದನಿ ಸಾಹೇಬ್ರದ್ದು. ಇನ್ನೊಂದು ಅವಳದ್ದು. 'ಸುಮ್ನೆ ಬಿಡಲ್ಲ' ಅಂದಿದ್ದು ಸ್ಪಷ್ಟವಾಗಿ ಕೇಳಿಸ್ತು. ದೊಡ್ಡೋರ ಜಗಳ, ನನಗ್ಯಾಕೆ ಅಂತ ಹಿಂದಿನ ಮೆಟ್ಟಿಲಿಳಿದು ಊಟಕ್ಕೆ ಹೋದೆ. ವಾಪಸ್ ಬಂದಾಗ ಸಾಹೇಬ್ರು..." ಅವನು ಕಣ್ಣು ಒರೆಸಿಕೊಂಡ.

"ಅವಳನ್ನ ನೋಡಿದ್ರಾ?"

"ಬೆಳಿಗ್ಗೆ ಬಂದಿದ್ಲಲ್ಲ, ಗೇಟಲ್ಲೇ ನೋಡಿದೆ."

"ಜಗಳದ ಹೊತ್ತಲ್ಲಿ?"

"ನೋಡ್ಲಿಲ್ಲ. ನೋಡೋದೇನಿದೆ? ಆ ದನಿ ನನಗೆ ಗೊತ್ತಾಗಲ್ವಾ?"

"ಅವಳ ಜೊತೆ ಯಾವತ್ತಾದ್ರೂ ಮಾತಾಡಿದ್ದೀರಾ?"

"ನಾನ್ಯಾಕೆ ಮಾತಾಡಲಿ ಅಂಥೋರ ಜೊತೆ?"

"ಮತ್ತೆ ದನಿ ಹೇಗೆ ಗೊತ್ತು?"

ಅವನು ಅವಳನ್ನು ಪೆದ್ದಿಯೆಂಬಂತೆ ನೋಡಿದ. "ಇಷ್ಟು ವರ್ಷ ಈ ಸಿನಿಮಾ ಓಡಿಸಿದೀನಲ್ಲ ಮೇಡಂ. ಈಗ ತಾನೆ ನೀವೂ ಕೇಳಿದ್ರಲ್ಲ."

ಪತ್ತೇದಾರಿಣಿ ಎದ್ದಳು. ಅವನು ಸುಳ್ಳು ಹೇಳುತ್ತಿಲ್ಲವೆಂಬುದು ಅವಳಿಗೆ ಖಾತ್ರಿಯಾಯಿತು. ಅದೇ ಅವಳನ್ನು ಹೆದರಿಸಿದ್ದು.

*

"ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ," ಎಂದಳು ನಟಿ. "ಗಾಡಿ ನಿಂತಿದ್ರೆ ಓನರ್ ಬೈತಾರೆ. ಓಡಿಸ್ತಾ ಮಾತಾಡೋಣ."

"ನನಗೆ ಅಷ್ಟಾಗಿ ಬರಲ್ಲ."

"ಬರೋರು ಇಲ್ಲಿಗ್ಯಾಕೆ ಬರ್ತಾರೆ? ಹತ್ತಿ."

ಸಿನಿಮಾ ಬಿಟ್ಟ ಮೇಲೆ ಅವಳು ಅದು ಇದು ಮಾಡಿ, ಕೊನೆಗೆ ಡ್ರೈವಿಂಗ್ ಸ್ಕೂಲಿನಲ್ಲಿ ನೆಲೆ ನಿಂತಿದ್ದಳು. ಕಲಿಯಲು ಬಂದವರು 'ಬ್ರೇಕ್ ಅಕ್ಕ' ಎನ್ನುತ್ತಿದ್ದರು. ಪಕ್ಕದ ಸೀಟಿನ ಮುಂದೆ ಕಲಿಸುವವರಿಗೆಂದು ಇರುವ ಇನ್ನೊಂದು ಬ್ರೇಕಿನ ಮೇಲಿಂದ ಅವಳು ಕಾಲು ತೆಗೆದಿದ್ದನ್ನು ಯಾರೂ ನೋಡಿರಲಿಲ್ಲ. ಕತ್ತರಿಸಿದ ಬಿಳಿಗೂದಲು, ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಸೀಟಿ.

ಅವಳ ದನಿ ತೆಳು. ಮಾತಿನ ಕೊನೆಗೆ ಬರುವ ಹೊತ್ತಿಗೆ ಇಳಿದುಹೋಗುತ್ತಿತ್ತು. ಬಹುಶಃ ಅದಕ್ಕೇ ಸೀಟಿ.

"ಆ ಸಿನಿಮಾದಲ್ಲಿ ಕೊನೇ ಮಾತು ನಿಮ್ಮದಲ್ಲ ಅಲ್ವಾ ಅಕ್ಕ?"

"ಕ್ಲಚ್ ಪೂರ್ತಿ ಒತ್ತಿ. ಹಾಂ. ಮೊದಲ ಮಾತಿಂದ ಕೊನೇ ಮಾತಿನವರೆಗೂ ಯಾವುದೂ ನನ್ನದಲ್ಲ. ಪಿಸುಮಾತೆಲ್ಲ ಯಾವಳೋ ಹುಡುಗೀದು. ಕೊನೇದು ಯಾವನೋ ಗಂಡಸಿದು. ಯಾರು ಅಂತ ನನಗೂ ಗೊತ್ತಿಲ್ಲ. ಥಿಯೇಟರಲ್ಲಿ ಕೂತು ನೋಡುವಾಗ್ಲೇ ನನಗೆ ಗೊತ್ತಾಗಿದ್ದು, ಕೊಲೆ ಮಾಡಿದೋಳು ನಾನೇ ಅಂತ."

"ಅಂದ್ರೆ ಕಥೆ ಹೇಳಿರಲಿಲ್ವಾ?"

"ಕೊಲೆಗಾರನ್ನ ಹಿಡಿಯೋ ನರ್ಸು ಅಂದಿದ್ರು. ನಾನು ಹೆಣ್ಣು. ಹುಟ್ಟಿದಾಗ ಗಂಡು ಅಂತ ಬರೆಸಿದ್ರು, ಅಷ್ಟೆ. ಅದನ್ನ ನಿರ್ದೇಶಕರನ್ನ ನಂಬಿ ಮೊದಲೇ ಹೇಳಿದ್ದೆ. ಹೇಳಿದ್ದಕ್ಕೇ ಪಾತ್ರ ಸಿಕ್ಕಿದ್ದು ಅಂತ ಆಮೇಲೆ ಗೊತ್ತಾಯ್ತು. ಬಲಕ್ಕೆ ತಿರುಗಿಸಿ, ಬಲಕ್ಕೆ! ಅದು ಎಡ."

ಗಾಡಿ ಜರ್ಕು ಹೊಡೆದು ತಿರುಗಿತು.

"ಆವತ್ತು ಹೀರೋ ಕೈ ಹಿಡ್ಕೋತಾನೆ ಅಂದಿದ್ರು. ಅವನು ಕೂದಲಿಗೇ ಕೈ ಹಾಕ್ದ. ಎಳೆದ, ಬರಲಿಲ್ಲ. ಮತ್ತೆ ಎಳೆದ. ಎಲ್ಲಿಂದ ಬರಬೇಕು? ನನ್ನ ಸ್ವಂತ ಕೂದಲು ಅದು. 'ಕಟ್' ಅಂದು, ಎಲ್ಲಾ ನಕ್ಕು, ನನ್ನ ಕೂದಲು ಒತ್ತಿ ಕಟ್ಟಿ, ಮೇಲೊಂದು ವಿಗ್ ಕೂರಿಸಿ, ಅದನ್ನ ಕಿತ್ತರು. ನೋಡಿದ ಜನ ಏನಂದ್ರು? 'ನೋಡಿ, ಎಲ್ಲಾ ಸುಳ್ಳು ವೇಷ!'"

ಪತ್ತೇದಾರಿಣಿ ಗೇರು ಬದಲಿಸಿದಳು. ರಸ್ತೆಯನ್ನೇ ನೋಡಿದಳು.

"ಬಾಡಿಗೆ ಮನೆ ಬಿಡಿಸಿದ್ರು. ಅಮ್ಮನ ಪಕ್ಕದ ಮನೆಯವರು ಮಕ್ಕಳನ್ನ ಒಳಗೆ ಕರ್ಕೊಂಡು ಬಾಗಿಲು ಹಾಕ್ಕೊಳ್ಳೋರು. ಸಿನಿಮಾ ನೋಡಿ ಬಂದೋರಿಗೆ ನಾನು ಏನು ಹೇಳಲಿ? ನಾನು ಕೊಂದಿಲ್ಲ ಅನ್ನಲಾ?"

"ಹೋದ ವಾರ ನಿರ್ದೇಶಕರು ಯಾಕೆ ಕರೆಸಿದ್ರು?"

"ಕ್ಷಮೆ ಕೇಳೋಕೆ. ಕೈ ಹಿಡ್ಕೊಂಡು ಅತ್ತರು. ನಾನಂದೆ, ನಾಲ್ಕು ಗೋಡೆ ಮಧ್ಯೆ ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಸಿನಿಮಾ ತೋರಿಸಿದ್ದು ಯಾರಿಗೆ, ಅವರಿಗೆ ಹೇಳಿ. ಅಷ್ಟು ಹೇಳಿ ಬಂದೆ."

"ಮತ್ತೆ ಹೋಗ್ಲಿಲ್ಲ?"

ಗಾಡಿ ಗಕ್ಕನೆ ನಿಂತಿತು. ಪತ್ತೇದಾರಿಣಿಯ ಎದೆ ಸ್ಟೇರಿಂಗಿಗೆ ತಾಕಿತು. ಮುಂದೆ ಸೈಕಲ್ಲೊಂದು ದೂರದಲ್ಲಿ ರಸ್ತೆ ದಾಟುತ್ತಿತ್ತು.

"ಕನ್ನಡಿ ನೋಡ್ಕೊಂಡು ಓಡಿಸಬೇಕು," ಎಂದಳು ಬ್ರೇಕ್ ಅಕ್ಕ. "ಇವತ್ತಿಗೆ ಸಾಕು."

*

"ಆ ಸಿನಿಮಾ ಬಂದಾಗ ಒಂದು ತಿಂಗಳು ನಾನು ಬಚ್ಚಲುಮನೆಗೆ ಒಬ್ಬಳೇ ಹೋಗಿಲ್ಲ," ಎಂದರು ಅತ್ತೆ. "ನಿಮ್ಮ ಮಾವನವರು ಬಾಗಿಲ ಹೊರಗೆ ನಿಂತು ಹಾಡು ಹೇಳಬೇಕಿತ್ತು. ಅದೂ ಅವರ ಹಾಡು! ಯಾವುದಕ್ಕೆ ಹೆಚ್ಚು ಹೆದರಿದೆನೋ ಗೊತ್ತಿಲ್ಲ."

ಪತ್ತೇದಾರಿಣಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಪೊಲೀಸು ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರುಮಾಡಿದಾಗ ಮನೆಯಲ್ಲಿ ಬೆನ್ನಿಗೆ ನಿಂತವರು ಅತ್ತೆ ಒಬ್ಬರೇ. ಆದರೆ ಈ ಕೇಸಿನಲ್ಲಿ ಅವರದೂ ಪೊಲೀಸರ ಮಾತೇ.

"ಅವಳೇ ಕಣೇ ಮಾಡಿರೋದು. ಆ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಯಾವ ಮುಖ ಅತ್ತೆ? ಅವಳನ್ನ ನೀವು ಎಲ್ಲಿ ನೋಡಿದ್ರಿ?"

"ಸಿನಿಮಾದಲ್ಲಿ ನೋಡಿಲ್ವಾ?" ಎಂದು ಹೇಳಿ, ತಮ್ಮ ಮಾತು ತಮಗೇ ಸರಿಬರದೆ, ಅತ್ತೆ ಬೆಳ್ಳುಳ್ಳಿ ಬುಟ್ಟಿಯನ್ನು ಎಳೆದುಕೊಂಡು ರೇಡಿಯೋ ಹಾಕಿದರು. "ಸುಮ್ನಿರು ಈಗ. ಕಥೆ ತಾತ ಬರೋ ಹೊತ್ತು."

ದಿನಾ ಸಂಜೆ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಅದು. ಮೊಮ್ಮಕ್ಕಳು ದೊಡ್ಡವರಾಗಿ ಕೇಳುವುದನ್ನು ಬಿಟ್ಟರೂ ಅತ್ತೆ ಬಿಟ್ಟಿರಲಿಲ್ಲ. ಆ ದನಿ ಕೇಳಿದರೆ ಮಂಡಿನೋವು ಕಮ್ಮಿಯಾಗುತ್ತದೆಂದು ಅವರ ವಾದ.

ಮೊಲ ಮಾತಾಡಿತು, ನರಿ ಮಾತಾಡಿತು. ಆಮೇಲೆ ಕರಡಿ ಗುಹೆಯಿಂದ ಹೊರಗೆ ಬಂತು.

"ಜೇನು ತಿಂದವನು ನಾನಲ್ಲ. ನಾನೇನಿದ್ದರೂ ಗೂಡು... ಕಿತ್ತೆ."

ಅತ್ತೆ ಬಿದ್ದು ಬಿದ್ದು ನಕ್ಕರು.

ಪತ್ತೇದಾರಿಣಿಯ ಕೈಯಲ್ಲಿನ ಲೋಟ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ಒಡಕು ದನಿ. ಕೊನೆಯ ಶಬ್ದಕ್ಕೆ ಮುಂಚೆ ಒಂದು ಸಣ್ಣ ಉಸಿರು ನುಂಗುವುದು. ನಾನೇ... ಕೊಂದೆ. ಗೂಡು... ಕಿತ್ತೆ.

"ಯಾಕೆ ಹಾಗೆ ನಿಂತೆ? ಕಾಫಿಗೆ ಸಕ್ಕರೆ ಕಮ್ಮಿಯಾಯ್ತಾ?"

"ಅತ್ತೆ, ಈ ತಾತ ನಾಳೆ ಎಷ್ಟು ಹೊತ್ತಿಗೆ ಸ್ಟುಡಿಯೋಗೆ ಬರ್ತಾರೆ?"

*

ಸ್ಟುಡಿಯೋದ ಗೋಡೆಗಳಿಗೆ ದಪ್ಪ ಮೆತ್ತೆ ಹೊಡೆದಿತ್ತು. ಬಾಗಿಲು ಮುಚ್ಚಿದರೆ ತನ್ನ ಉಸಿರೇ ತನಗೆ ಕೇಳುವಂಥ ಕೋಣೆ. ಗಾಜಿನ ಆಚೆ ಧ್ವನಿಮುದ್ರಣದ ಹುಡುಗಿ ಗುಂಡಿಗಳ ಮುಂದೆ ಕೂತು ಏನೋ ತಿನ್ನುತ್ತಿದ್ದಳು.

ಕಥೆ ತಾತ ಬೆಳ್ಳಗಿನ ಸಣ್ಣ ಮನುಷ್ಯ. ಕೊರಳಿಗೆ ಮಫ್ಲರು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. "ಇನ್ನೇನು ಶುರುವಾಗುತ್ತೆ ತಾಯಿ," ಎಂದರು. "ಏನು ವಿಷಯ ಬೇಗ ಹೇಳಿ."

"ಕರಡಿ ದನಿ ಚೆನ್ನಾಗಿ ಮಾಡ್ತೀರಿ."

"ಮಕ್ಕಳಿಗೆ ಅದೇ ಬೇಕು."

"ನನ್ನ ಹತ್ರ ಒಂದು ದನಿ ಇದೆ, ಕೇಳಿ ಯಾರದು ಹೇಳ್ತೀರಾ?"

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟಳು. ಪ್ರಿವ್ಯೂ ಹಾಲಿನಲ್ಲಿ ಹಿಡಿದಿಟ್ಟುಕೊಂಡಿದ್ದ ಸದ್ದು ಹೊರಟಿತು. ನೀರು ತೊಟ್ಟಿಕ್ಕುವುದು. ಬಟ್ಟೆ ಹರಿಯುವುದು. ಯಾರೋ ವಾಂತಿ ಮಾಡಿಕೊಳ್ಳುವುದು.

ಮಾತು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ತಾತನ ಕೈ ಬಂದು ಮೊಬೈಲನ್ನು ಮುಚ್ಚಿತು.

"ಕೇಳೋಕೆ ಮುಂಚೇನೇ ಗೊತ್ತಾಯ್ತಾ?" ಎಂದಳು ಪತ್ತೇದಾರಿಣಿ.

ತಾತ ಮೊಬೈಲಿನ ಮೇಲಿಂದ ಕೈ ತೆಗೆಯಲಿಲ್ಲ. "ಪೊಲೀಸಾ ನೀವು?"

"ಮೊದಲು ಆಗಿದ್ದೆ. ಈಗ ಬ್ರೇಕ್ ಅಕ್ಕನ ಪರವಾಗಿ ಬಂದಿದೀನಿ. ಆ ಸಿನಿಮಾದ ನರ್ಸು."

"ಆಕೆನ ನಾನು ಕಣ್ಣಾರೆ ನೋಡೇ ಇಲ್ಲ."

"ದನಿ ಕೊಟ್ರಲ್ಲ."

"ಕೊಟ್ಟೆ. ಆಗ ನನಗೆ ಕೆಲಸ ಇರಲಿಲ್ಲ. ಒಂದೇ ಮಧ್ಯಾಹ್ನದ ಕೆಲಸ ಅಂದ್ರು. ಆಕೆ ದನಿ ಸರಿಯಿಲ್ಲ ಅಂದ್ರು. ಹೆಸರು ಹಾಕಬೇಡಿ ಅಂತ ನಾನೇ ಕೈಮುಗಿದೆ."

"ಆಕೆಯ ದನಿ ನೀವು ಕೇಳಿದ್ರಾ?"

"ಇಲ್ಲ. ಪರದೆ ಮೇಲೆ ಮೂಕಚಿತ್ರ ಓಡ್ತಿತ್ತು."

"ತುಟಿ ಕಾಣ್ತಿತ್ತಲ್ಲ."

ತಾತ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ನೀರು ಬಗ್ಗಿಸಲಿಲ್ಲ. ಮತ್ತೆ ಮುಚ್ಚಿದರು.

"ಕಾಣ್ತಿತ್ತು. ಡಬ್ಬಿಂಗ್ ಮಾಡೋನಿಗೆ ತುಟಿ ಓದೋಕೆ ಬರದೆ ಇರುತ್ತಾ ತಾಯಿ? 'ಬೇಡ, ಬಿಡಿ' ಅಂತಿದ್ಲು. ನಾನು ನಿರ್ದೇಶಕರಿಗೆ ಹೇಳ್ದೆ, ಸಾರ್, ಈ ಮಾತು ತುಟಿಗೆ ಕೂರಲ್ಲ ಅಂತ. ಅವರು ನಕ್ಕು ಏನಂದ್ರು ಗೊತ್ತಾ? 'ಆ ಹೊತ್ತಲ್ಲಿ ಯಾರೂ ತುಟಿ ನೋಡ್ತಿರಲ್ಲ, ಹೇಳಯ್ಯ.' ಹೇಳ್ದೆ."

ಗಾಜಿನ ಆಚೆ ಹುಡುಗಿ ಗಡಿಯಾರ ನೋಡಿ ಕೈಬೆರಳು ಅರಳಿಸಿ ಸನ್ನೆ ಮಾಡಿದಳು. ತಾತ ನೋಡಲಿಲ್ಲ.

"ಹೋದ ವಾರ ಪ್ರಿವ್ಯೂ ಹಾಲಿಗೆ ಹೋಗಿದ್ರಿ."

"ಇಲ್ಲ."

"'ಸುಮ್ನೆ ಬಿಡಲ್ಲ' ಅಂದ್ರಿ. ಆಪರೇಟರ್ ಕೇಳಿಸ್ಕೊಂಡಿದಾನೆ. ಆ ದನಿ ಅಕ್ಕಂದು ಅಂತ ಪೊಲೀಸರಿಗೆ ಹೇಳಿದಾನೆ. ಅವನ ತಪ್ಪೇನೂ ಇಲ್ಲ. ಜಗತ್ತಿಗೇ ಅದು ಅವಳ ದನಿ."

ತಾತ ತಲೆ ತಗ್ಗಿಸಿದರು.

"ಅವರೇ ಫೋನ್ ಮಾಡಿ ಕರೆಸಿದ್ರು. ಕೊನೇ ರೀಲು ಕತ್ತರಿಸಿ ಬಿಸಾಕ್ತೀನಿ ಅಂದ್ರು. ಮೊದಲ ಆಟದ ದಿನ ಜನರ ಮುಂದೆ ನಿಂತು, ಅವಳಿಗೆ ಮೋಸ ಮಾಡಿದ್ದು, ನನ್ನ ದನಿ ಹಾಕಿದ್ದು, ಎಲ್ಲಾ ಹೇಳ್ತೀನಿ ಅಂದ್ರು. 'ನೀನೂ ಪಕ್ಕದಲ್ಲಿ ನಿಂತ್ಕೋ' ಅಂದ್ರು. ನಾನು ಮಕ್ಕಳ ತಾತ, ತಾಯಿ. ಊರ ತುಂಬಾ ತಾಯಂದಿರು ನನ್ನ ದನಿ ಹಾಕಿ ಮಕ್ಕಳನ್ನ ಮಲಗಿಸ್ತಾರೆ. ಬೇಡ ಅಂದೆ. ಬೇಡ್ಕೊಂಡೆ. ಆಮೇಲೆ ದನಿ ಒಡೆಯೋವರೆಗೆ ಕೂಗಾಡ್ದೆ."

"ಕತ್ತರಿಸ್ತಾರೆ ಅನ್ನೋದು ಮಗನಿಗೆ ಗೊತ್ತಿತ್ತಾ?"

"ಬೆಳಿಗ್ಗೆ ತಾನೇ ಹೇಳಿದೀನಿ, ಸಿಟ್ಟಿಗೆ ಕುಣಿದಾಡ್ತಿದಾನೆ ಅಂದ್ರು."

ಕತ್ತರಿಸೋದಾ, ಇರೋದೇ ಇದೊಂದು ಸೀನು! ಎಂದಿದ್ದ ಮಗನ ಅವಸರದ ದನಿ ಪತ್ತೇದಾರಿಣಿಯ ಕಿವಿಯಲ್ಲಿ ಹಾಯಿತು. ಅದನ್ನು ಬದಿಗಿಟ್ಟಳು. ಈಗ ಎದುರಿಗಿರುವವರು ಮೊದಲು.

"ರೀಲಿನ ಡಬ್ಬಿ ಎಲ್ಲಿತ್ತು?"

"ಅವರ ಕೈಯಲ್ಲಿ. ಮಗು ಎತ್ಕೊಂಡ ಹಾಗೆ ಎದೆಗೊತ್ತಿ ಹಿಡಿದಿದ್ರು."

"ನೀವು ಕಿತ್ಕೊಳ್ಳೋಕೆ ಹೋದ್ರಿ."

ತಾತನ ಕಣ್ಣು ಗಾಜಿನ ಕಡೆ ಹೋಗಿ ಬಂತು. "ಹೋದೆ. ಹಿಡಿದೆ. ಅವರು ಬಿಡಲಿಲ್ಲ. ನನ್ನ ಮುಖ ನೋಡಿ, 'ನೀನೂ ಮುದುಕನಾದೆ ಕಣಯ್ಯ' ಅಂದ್ರು. ಕೈ ಸಡಿಲ ಆಯ್ತು. ಬಿಟ್ಟು ಬಂದೆ. ನಾನು ಬರುವಾಗ ಅವರು ಬದುಕಿದ್ರು."

"ನೋಡಿದವರು?"

"ಯಾರೂ ಇಲ್ಲ."

ಪತ್ತೇದಾರಿಣಿ ಅವರ ಮುಖ ನೋಡಿದಳು. ಆ ಮಾತೂ ನಟನೆಯಾಗಬಹುದು; ಮೊಲಕ್ಕೆ ಒಂದು, ನರಿಗೆ ಒಂದು, ಕರಡಿಗೆ ಒಂದು ದನಿ ಇಟ್ಟುಕೊಂಡವರಿಗೆ ಮುಗ್ಧ ಮುದುಕನದೊಂದು ದನಿ ಕಷ್ಟವೇ?

"ವಾರದಿಂದ ಪೇಪರಲ್ಲಿ ಅವಳ ಫೋಟೋ ಬರ್ತಿದೆ. ನೋಡಿದ್ರಾ?"

"ನೋಡಿದೆ."

"ಸುಮ್ನಿದ್ರಿ."

"ನಾನು ಬಂದ ಮೇಲೆ... ಅವಳೇ ಮಾಡಿರಬಹುದು ಅಂದ್ಕೊಂಡೆ."

"ಯಾಕೆ? ಅವಳನ್ನ ಕಂಡಿಲ್ಲ, ಅವಳ ಜೊತೆ ಮಾತಾಡಿಲ್ಲ. ಯಾಕೆ ಹಾಗನ್ನಿಸ್ತು?"

ತಾತ ಮಫ್ಲರನ್ನು ಬಾಯಿಯವರೆಗೆ ಎಳೆದುಕೊಂಡರು.

"ನಾನೇ ಕೊಂದೆ ಅಂತ ಅವಳ ಬಾಯಲ್ಲಿ ಹೇಳಿಸಿದವರು ನೀವು," ಎಂದಳು ಪತ್ತೇದಾರಿಣಿ. "ನೀವೇ ನಂಬಿಬಿಟ್ರಾ?"

ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ಕಾರ್ಯಕ್ರಮದ ಸಂಗೀತ ಶುರುವಾಯಿತು. ಹುಡುಗಿ ಗಾಜಿನ ಆಚೆಯಿಂದ ಪತ್ತೇದಾರಿಣಿಗೆ ಏಳಿ, ಹೊರಗೆ ಹೋಗಿ ಎಂದು ಸನ್ನೆ ಮಾಡುತ್ತಿದ್ದಳು. ತಾತ ಅವಳ ಮುಂಗೈ ಹಿಡಿದು ಕೂರಿಸಿದರು.

ಸಂಗೀತ ಇಳಿಯಿತು.

"ಮಕ್ಕಳೇ," ಎಂದರು ಕಥೆ ತಾತ ಮೈಕಿನ ಮುಂದೆ ಬಾಗಿ. "ಇವತ್ತು ಕಥೆ ಇಲ್ಲ. ನಿಮ್ಮ ತಾತ ಒಂದು ಸುಳ್ಳು ಹೇಳಿದ್ದ, ನಿಮ್ಮ ಅಪ್ಪ ಅಮ್ಮ ಚಿಕ್ಕವರಿದ್ದಾಗ. ಅದನ್ನ ಹೇಳ್ತೀನಿ. ಅಡುಗೆಮನೆಯಲ್ಲಿ ಅಮ್ಮ ಅಜ್ಜಿ ಇದ್ದರೆ ಕರೀರಿ."

ಹುಡುಗಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು.

ಅವರು ಸಿನಿಮಾದ ಹೆಸರು ಹೇಳಿದರು. ಬಚ್ಚಲುಮನೆಯ ದೃಶ್ಯ ಹೇಳಲಿಲ್ಲ. ಒಬ್ಬ ಹೆಂಗಸು ಬೇಡ, ಬಿಡಿ ಎಂದು ಅಳುತ್ತಿದ್ದಳು, ನಾನು ಅವಳ ಮಾತನ್ನು ಒರೆಸಿ ಮೇಲೆ ಬೇರೆ ಮಾತು ಇಟ್ಟೆ ಎಂದರು. ಅವಳು ಯಾರನ್ನೂ ಕೊಂದಿಲ್ಲ, ಸಿನಿಮಾದೊಳಗೂ ಕೊಂದಿಲ್ಲ ಎಂದರು. ಹೋದ ವಾರ ಪ್ರಿವ್ಯೂ ಹಾಲಿನಲ್ಲಿ ನಿರ್ದೇಶಕರ ಜೊತೆ ಜಗಳವಾಡಿದ ದನಿ ನನ್ನದು ಎಂದರು. ನಾನು ಹೊರಡುವಾಗ ಅವರು ಬದುಕಿದ್ದರು, ನಂಬುವುದು ಬಿಡುವುದು ನಿಮಗೆ ಸೇರಿದ್ದು ಎಂದರು. ಕರಡಿಯ ದನಿಯಲ್ಲಿ ಒಮ್ಮೆ ಸಿನಿಮಾದ ಆ ಕೊನೆಯ ಮಾತನ್ನು ಹೇಳಿಯೂ ತೋರಿಸಿದರು.

ಪತ್ತೇದಾರಿಣಿಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬುಟ್ಟಿಯ ಮುಂದೆ ಕೂತಿರುವ ಅತ್ತೆ ಕಣ್ಣಿಗೆ ಕಟ್ಟಿದರು.

ಆದರೂ ಅನುಮಾನ ಹೋಗಲಿಲ್ಲ. ಇಷ್ಟು ಜನರ ಮುಂದೆ ಅರ್ಧ ತಪ್ಪು ಒಪ್ಪಿಕೊಂಡವನನ್ನು ಉಳಿದರ್ಧ ಯಾರು ಕೇಳುತ್ತಾರೆ? ಇದು ಪಶ್ಚಾತ್ತಾಪವೋ, ಪೊಲೀಸರು ಬರುವ ಮುಂಚೆ ಊರಿನ ಕರುಣೆಗೆ ಹಾಕಿದ ಅರ್ಜಿಯೋ? ನಾನು ಹೊರಡುವಾಗ ಅವರು ಬದುಕಿದ್ದರು. ಆ ಒಂದು ಮಾತಿಗೆ ಸಾಕ್ಷಿಯೇ ಇರಲಿಲ್ಲ.

ಗಾಜಿನ ಆಚೆ ಫೋನುಗಳ ದೀಪಗಳು ಒಂದೊಂದಾಗಿ ಮಿನುಗತೊಡಗಿದವು. ದಿನವೂ ಕಥೆ ಮುಗಿದ ಮೇಲೆ ಮಕ್ಕಳಿಗೆ ತಾತನ ಜೊತೆ ಮಾತಾಡಲು ಬಿಡುವ ಲೈನುಗಳು ಅವು. ಹುಡುಗಿ ಒಂದು ಫೋನನ್ನು ಕಿವಿಗೆ ಹಿಡಿದಳು. ಕೇಳಿದಳು. ಅವಳ ಹುಬ್ಬು ಮೇಲೇರಿತು. ಪತ್ತೇದಾರಿಣಿಯ ಕ‌ಡೆ ನೋಡಿ, ಏನು ಮಾಡಲಿ ಎಂದು ಕೈ ತಿರುವಿದಳು. ಆಮೇಲೆ ತಾನೇ ಆ ಕರೆಯನ್ನು ಪ್ರಸಾರಕ್ಕೆ ಬಿಡುವ ಗುಂಡಿ ಒತ್ತಿದಳು.

"ಹಲೋ," ಎಂದಿತು ಸ್ಪೀಕರು. ಹಿಂದಿನಿಂದ ವಾಹನಗಳ ಹಾರನ್ ಸದ್ದು. "ನಾನು ಮಗು ಅಲ್ಲ. ಆದ್ರೂ ಮಾತಾಡಬಹುದಾ?"

ತೆಳು ದನಿ. ಮಾತಿನ ಕೊನೆಗೆ ಇಳಿದುಹೋಗುವ ದನಿ.

ತಾತ ಮೈಕಿನಿಂದ ಹಿಂದೆ ಸರಿದರು. "ಯಾರಮ್ಮ?"

"ಆ ಸಿನಿಮಾದ ನರ್ಸು. ಗಾಡೀಲಿ ರೇಡಿಯೋ ಹಾಕಿದ್ದೆ, ಬದಿಗೆ ನಿಲ್ಲಿಸಿದೀನಿ. ನೀವು ಯಾವತ್ತೂ ಕೇಳದ ದನಿ ಇದೇ ತಾತ. ಚೆನ್ನಾಗಿ ಕೇಳ್ಕೊಳ್ಳಿ."

ತಾತ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು.

"ಅಳಬೇಡಿ. ನಿಮ್ಮ ಮೇಲಿರೋ ಸಿಟ್ಟು ಇವತ್ತು ಮುಗಿಯೋದಲ್ಲ, ಅದು ಬೇರೆ ವಿಷಯ. ಆದ್ರೆ ಮಾಡದೇ ಇರೋದನ್ನ ಮಾಡಿದೆ ಅಂತ ಜನ ಹೇಳಿದ್ರೆ ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೆ ಫೋನ್ ಮಾಡಿದ್ದು." ಉಸಿರು ಎಳೆದುಕೊಂಡ ಸದ್ದು. "ಈ ಮನುಷ್ಯ ನಿಜ ಹೇಳ್ತಿದಾರೆ. ಅವರು ಹೋದಾಗ ನಿರ್ದೇಶಕರು ಬದುಕಿದ್ರು."

ಪತ್ತೇದಾರಿಣಿ ದಡಕ್ಕನೆ ಎದ್ದಳು. ಗಾಜಿನ ಮುಂದೆ ಹೋಗಿ ಎರಡೂ ಕೈಗಳನ್ನು ಕತ್ತರಿಯಂತೆ ಆಡಿಸಿದಳು: ಕಡಿ, ಲೈನು ಕಡಿ! ಹುಡುಗಿ ಅರ್ಥವಾಗದೆ ಮಿಕಮಿಕ ನೋಡಿದಳು.

"ನನಗೆ ಹೇಗೆ ಗೊತ್ತು ಅಂತ ಪೊಲೀಸರು ಕೇಳ್ತಾರೆ," ಎಂದಿತು ಆ ದನಿ. ಮೊದಲ ಬಾರಿಗೆ ಮಾತಿನ ಕೊನೆಯಲ್ಲೂ ಅದು ಇಳಿಯಲಿಲ್ಲ. "ನನ್ನ ಪತ್ತೇದಾರಿಣಿ ಮೇಡಮ್ಮಿಗೂ ಇದನ್ನ ಹೇಳಿಲ್ಲ, ಕ್ಷಮಿಸಬೇಕು. ಮಧ್ಯಾಹ್ನ ನಾನು ಮತ್ತೆ ಹೋಗಿದ್ದೆ. ತಾತ ಆ ಕಡೆ ಬಾಗಿಲಿಂದ ಹೊರಗೆ ಹೋಗಿದ್ದನ್ನ ನೋಡೇ ನಾನು ಒಳಗೆ ಹೋಗಿದ್ದು. ನಿರ್ದೇಶಕರು ನಿಂತಿದ್ರು, ಮಾತಾಡಿದ್ರು."

ಪತ್ತೇದಾರಿಣಿ ಅಂಗೈಯಿಂದ ಗಾಜನ್ನು ಬಡಿದಳು.

"ಆ ರೀಲಿನ ಡಬ್ಬಿ ಅವರ ಕೈಯಿಂದ ನನ್ನ ಕೈಗೇ ಬಂತು."